ಮರಳ ದಿಬ್ಬದ ದ್ರಾಕ್ಷಿ

ಹೋದ ತಿಂಗಳು ಜಯನಗರದಲ್ಲಿ ಹಳೆಯ ಸಹಪಾಠಿಯೊಬ್ಬನ ಮನೆಗೆ ಊಟಕ್ಕೆ ಹೋಗಿದ್ದೆ. ಅವನು ಸ್ಪೇನ್ ಪ್ರವಾಸ ಮುಗಿಸಿ ಬಂದಿದ್ದ. ಅಲ್ಲಿಂದ ತಂದ ಬಾಟಲಿಯೊಂದನ್ನು ಸಡಗರದಿಂದ ತೆರೆದು, ನಾನು ಕುಡಿಯುವುದಿಲ್ಲವೆಂದು ಗೊತ್ತಿದ್ದರಿಂದ ನನ್ನ ಮುಂದೆ ಮಾವಿನ ರಸದ ಲೋಟವಿಟ್ಟು, ಉಳಿದವರಿಗೆ ಸುರಿಯುತ್ತಾ ಹೋದ. ಪಕ್ಕದಲ್ಲಿ ಕೂತವರ ಗ್ಲಾಸಿನಿಂದ ಒಂದು ವಾಸನೆ ಮೂಗಿಗೆ ತಾಗಿತು. ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಚುಚ್ಚಿದಾಗ ಏಳುತ್ತದಲ್ಲ, ಆ ವಾಸನೆ. ಅದರ ಹಿಂದೆಯೇ ಒದ್ದೆ ಮರಳಿನದು. "ಇದು ಆಲ್ಬರಿನ್ಯೋ ದ್ರಾಕ್ಷಿ ಅಲ್ವಾ?" ಎಂದುಬಿಟ್ಟೆ. ಎಲ್ಲರೂ ನನ್ನ ಮುಖ ನೋಡಿದರು. ಒಂದು ಗುಟುಕು ಕುಡಿದು ಗೊತ್ತಿಲ್ಲದ ಮೈಸೂರು ಮೂಲದ ಕೆಮಿಸ್ಟ್ರಿ ಮೇಷ್ಟ್ರು ಬಾಟಲಿ ನೋಡದೆ ದ್ರಾಕ್ಷಿಯ ಹೆಸರು ಹೇಳಿದರೆ ಯಾರಿಗಾದರೂ ಅನುಮಾನ ಬರುವುದೇ. "ಶ್ರೀಧರ್ ಅವರೇ, ಸದ್ದಿಲ್ಲದೆ ಏನೇನು ನಡೆಸಿದ್ದೀರಿ!" ಎಂದು ಸ್ನೇಹಿತನ ಹೆಂಡತಿ ನಕ್ಕರು. ನಾನೂ ನಕ್ಕು, ಎದ್ದು ಬಾಲ್ಕನಿಗೆ ಹೋದೆ.

ಜಪಾನಿನಲ್ಲಿ ಆ ದೊಡ್ಡ ಭೂಕಂಪವಾದಾಗ ನನ್ನ ಹೆಂಡತಿ ವಾಣಿ ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿ ಒಬ್ಬಳೇ ಇದ್ದಳು. ಕಂಪನಿ ಅವಳನ್ನು ಆರು ತಿಂಗಳ ಮಟ್ಟಿಗೆ ಕಳಿಸಿತ್ತು. ನಾನು ಮಗಳು ಅನನ್ಯಳ ಜೊತೆ ಬೆಂಗಳೂರಿನಲ್ಲಿದ್ದೆ. ಟಿ.ವಿ.ಯಲ್ಲಿ ಅಲೆಗಳನ್ನು ನೋಡಿದ ಎರಡೂ ಕಡೆಯ ಹಿರಿಯರು ಫೋನಿನಲ್ಲಿ ಅತ್ತು ಕರೆದರು. ಅವಳು ಬರಲಿಲ್ಲ. "ಇಲ್ಲಿರೋರೆಲ್ಲ ಮಾಮೂಲಾಗಿ ಆಫೀಸಿಗೆ ಹೋಗ್ತಿದಾರೆ, ನಾನೊಬ್ಳು ಓಡಿ ಬಂದ್ರೆ ಹೇಗಿರತ್ತೆ?" ಎಂದಳು. ಆರು ತಿಂಗಳು ವರ್ಷವಾಯಿತು. ಅವಳನ್ನು ಕರೆದುಕೊಂಡೇ ಬರುತ್ತೇನೆಂದು ಕಾಲೇಜಿಗೆ ಸಂಬಳವಿಲ್ಲದ ರಜೆ ಹಾಕಿ, ಮಗಳನ್ನು ಕಟ್ಟಿಕೊಂಡು ಹೋದ ನಾನೂ ಅಲ್ಲೇ ಉಳಿದೆ. ನನ್ನ ಗುರುತಿನ ಕಾರ್ಡಿನ ಮೇಲೆ ನಾನು ಹೆಂಡತಿಯ ಆಶ್ರಿತ ಎಂದು ಜಪಾನಿ ಅಕ್ಷರಗಳಲ್ಲಿ ಬರೆದಿತ್ತು. ಓದಲು ಬರುತ್ತಿರಲಿಲ್ಲವಾದ್ದರಿಂದ ಮೊದಮೊದಲು ನೋವೂ ಆಗುತ್ತಿರಲಿಲ್ಲ.

ಗ್ಯೋಟೋಕುವಿನಲ್ಲಿ ಹೇಗೋ ನಡೆಯಿತು. ನಮ್ಮವರು ಇದ್ದರು. ಶನಿವಾರ ಯಾರದೋ ಮನೆಯಲ್ಲಿ ಬಿಸಿಬೇಳೆಭಾತ್, ಯಾರದೋ ಮಗುವಿನ ಹುಟ್ಟುಹಬ್ಬ. ಆದರೆ ಭೂಕಂಪವಾದ ಮೇಲೆ ಟೋಕಿಯೋದ ಕಂಪನಿಗಳಿಗೆ ತಮ್ಮ ಕಂಪ್ಯೂಟರ್ ಯಂತ್ರಗಳನ್ನೆಲ್ಲ ಒಂದೇ ಕಡೆ ಇಡಲು ಹೆದರಿಕೆ. ವಾಣಿಯ ಕಂಪನಿ ಒಂದಿಷ್ಟನ್ನು ದೇಶದ ಇನ್ನೊಂದು ಬದಿಯ ಕರಾವಳಿಗೆ, ನೀಗಾತಾ ಕಡೆಗೆ ಸಾಗಿಸಿತು. ಯಂತ್ರಗಳ ಹಿಂದೆ ವಾಣಿ, ವಾಣಿಯ ಹಿಂದೆ ನಾನು, ನನ್ನ ಹಿಂದೆ ಅಳುತ್ತಾ ಅನನ್ಯ. ನಾವು ಅಲ್ಲಿಗೆ ಹೋಗಿ ಇಳಿದದ್ದು ಜನವರಿಯಲ್ಲಿ.

ಆ ಕಡಲತೀರದ ಚಳಿಗಾಲವನ್ನು ನಾನು ಶತ್ರುವಿಗೂ ಹಾರೈಸುವುದಿಲ್ಲ. ಸೈಬೀರಿಯದಿಂದ ಕಡಲು ದಾಟಿ ಬರುವ ಗಾಳಿ ಹಿಮವನ್ನು ಮೇಲಿನಿಂದ ಕೆಳಕ್ಕೆ ಉದುರಿಸುವುದಿಲ್ಲ, ಪಕ್ಕದಿಂದ ಮುಖಕ್ಕೆ ಎರಚುತ್ತದೆ. ಚಳಿಗಾಲದಲ್ಲಿ ಗುಡುಗುತ್ತದೆ. ಗುಡುಗಿದರೆ ಹಿಮ ಬರುತ್ತದೆಂದು ಅಲ್ಲಿನವರ ಲೆಕ್ಕ. ಸೂರ್ಯ ಕಂಡರೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ ಹೇಳುತ್ತಿದ್ದರು, ನೆಂಟರು ಬಂದಿದ್ದಾರೆ ಎನ್ನುವ ಹಾಗೆ. ವಾಣಿ ಆಫೀಸಿಗೆ, ಅನನ್ಯ ಶಾಲೆಗೆ ಹೊರಟ ಮೇಲೆ ಮನೆಯೊಳಗೆ ನಾನು ಮತ್ತು ಸೀಮೆಎಣ್ಣೆಯ ಹೀಟರ್. ಪಾತ್ರೆ ತೊಳೆದು, ಬಟ್ಟೆ ಒಣಹಾಕಿ, ಅನ್ನಕ್ಕಿಟ್ಟು, ಕಿಟಕಿಯ ಹತ್ತಿರ ನಿಂತರೆ ಹೊರಗೆ ಬೂದಿ ಬಣ್ಣದ ಆಕಾಶ, ಅದೇ ಬಣ್ಣದ ಕಡಲು. ಇಪ್ಪತ್ತು ವರ್ಷಗಳ ಕಾಲ ತುಂಬಿದ ಕ್ಲಾಸಿನ ಮುಂದೆ ಗಂಟಲು ಹರಿದುಕೊಂಡವನು ಇಡೀ ದಿನ ಬಾಯಿ ಬಿಡದೆ ಕೂರುತ್ತಿದ್ದೆ. ಕೊಂಬಿನಿ ಅಂಗಡಿಯ ಹುಡುಗಿಗೆ "ಅರಿಗಾತೋ" ಎಂದು ಥ್ಯಾಂಕ್ಸ್ ಹೇಳುವುದೇ ಒಂದು ಸಂಭಾಷಣೆ.

ವಾಣಿಯ ಮೇಲಧಿಕಾರಿ ಸಾಯ್ತೋ ಸಾನ್, ಎಂದರೆ ಸಾಯ್ತೋ ಅವರು, ಬಹಳ ಒಳ್ಳೆಯ ಮನುಷ್ಯ. ಅವರ ಒಳ್ಳೆಯತನವೇ ನನಗೆ ಮುಳುವಾಯಿತು. ನಾನು ಕೆಮಿಸ್ಟ್ರಿ ಮೇಷ್ಟ್ರು ಎಂದು ತಿಳಿದದ್ದೇ, ತಮ್ಮ ಅಕ್ಕನಿಗೆ ಕಡಲ ಪಕ್ಕದಲ್ಲಿ ದ್ರಾಕ್ಷಿತೋಟವೂ ವೈನ್ ಮಾಡುವ ಸಣ್ಣ ಕಾರ್ಖಾನೆಯೂ ಇದೆಯೆಂದು ಹೇಳಿ, ತಾವೇ ಕಾರಿನಲ್ಲಿ ಕರೆದೊಯ್ದು ಪರಿಚಯಿಸಿದರು. ಜಪಾನಿನಲ್ಲಿ ಯಾರಾದರೂ ನಿಮ್ಮನ್ನು ಹೀಗೆ ಪರಿಚಯಿಸಿದರೆ ಮುಗಿಯಿತು. ನೀವು ಸರಿಯಾಗಿ ಕೆಲಸ ಮಾಡದಿದ್ದರೆ, ಅರ್ಧಕ್ಕೆ ಬಿಟ್ಟರೆ, ಮಾನ ಹೋಗುವುದು ನಿಮ್ಮದಲ್ಲ, ಪರಿಚಯಿಸಿದವರದು. ವಾಣಿಯ ಮೇಲಧಿಕಾರಿಯ ಮಾನ ನನ್ನ ಕೈಯಲ್ಲಿ ಕೂತಿತು. ಆಶ್ರಿತನಿಗೆ ವಾರಕ್ಕಿಷ್ಟೇ ಹೊತ್ತು ಕೆಲಸ ಮಾಡಬಹುದೆಂದು ಸರ್ಕಾರದ ಮಿತಿ ಇತ್ತು. ಆ ಮಿತಿಯೊಳಗೆ ನಾನು ದುಡಿಯುವುದೆಂದು ತೀರ್ಮಾನವಾಯಿತು.

ಅಕ್ಕನ ಹೆಸರು ಫುಮಿಕೋ ಸಾನ್. ಅರವತ್ತು ದಾಟಿದ್ದರು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸುತ್ತಿದ್ದರು. ತಲೆಗೆ ಬಟ್ಟೆ, ಮೊಣಕಾಲುದ್ದದ ಬೂಟು, ಮಾತು ಕಡ್ಡಿ ಮುರಿದ ಹಾಗೆ. ನನ್ನ ಸೋದರತ್ತೆಯನ್ನೇ ಯಾರೋ ಜಪಾನಿಗೆ ತಂದು ಬಿಟ್ಟ ಹಾಗಿತ್ತು.

"ಕುಡಿಯುತ್ತೀಯಾ?" ಎಂದು ಮೊದಲ ದಿನವೇ ಕೇಳಿದರು.

"ಇಲ್ಲ."

"ಒಳ್ಳೆಯದಾಯಿತು. ನನಗೆ ಉಳಿಯುತ್ತದೆ," ಎಂದು ಬೂಟು ಕೊಟ್ಟರು.

ಸಂಜೆ ಕ್ಲಾಸಿನಲ್ಲಿ ಕಲಿತ ನನ್ನ ಮುರುಕು ಜಪಾನಿಗೆ ಅವರ ಚುಟುಕು ಮಾತೇ ಸರಿಹೋಗುತ್ತಿತ್ತು. ಮೈಸೂರಿನಲ್ಲಿದ್ದ ನನ್ನ ಅಮ್ಮನಿಗೆ ಮಾತ್ರ, ಹಣ್ಣಿನ ರಸದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಎಂದು ಹೇಳಿದ್ದೆ. ಸುಳ್ಳೇನಲ್ಲ. ರಸ ಸ್ವಲ್ಪ ದಿನ ಹೆಚ್ಚಿಗೆ ಇಟ್ಟಿರುತ್ತದೆ, ಅಷ್ಟೆ.

ಆ ಸೀಮೆಯೇ ವಿಚಿತ್ರ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೂ ಮರಳ ದಿಬ್ಬ. ಮರಳು ಹಾರಿ ಊರೊಳಗೆ ಬರದಿರಲೆಂದು ಹಿಂದಿನವರು ನೆಟ್ಟ ಪೈನ್ ಮರಗಳ ಸಾಲು. ಭತ್ತಕ್ಕೆ ಹೆಸರಾದ ನಾಡಿನಲ್ಲಿ ಈ ದಿಬ್ಬಗಳು ಯಾರಿಗೂ ಬೇಡವಾದ ನೆಲ. ನೀರು ಹಾಕಿದರೆ ನಿಲ್ಲುವುದಿಲ್ಲ, ಗೊಬ್ಬರ ಹಾಕಿದರೆ ಉಳಿಯುವುದಿಲ್ಲ. ಹೊಗೆಸೊಪ್ಪು, ಕಲ್ಲಂಗಡಿ, ಮೂಲಂಗಿ ಎಂದು ಏನೇನೋ ಬೆಳೆದು ನೋಡಿದ ಮೇಲೆ ಕೆಲವರು ದ್ರಾಕ್ಷಿ ಹಾಕಿದ್ದರು. ಜಪಾನಿನಲ್ಲಿ ದ್ರಾಕ್ಷಿಗೆ ದೊಡ್ಡ ಕಾಟ ಮಳೆ. ಬೇಸಿಗೆಯಿಡೀ ಸುರಿದು ಹಣ್ಣನ್ನು ಕೊಳೆಸುತ್ತದೆ. ಈ ಮರಳಿನಲ್ಲಿ ಮಾತ್ರ ಎಷ್ಟು ಸುರಿದರೂ ಸಂಜೆಯೊಳಗೆ ಕಾಲಡಿ ಒಣಗಿರುತ್ತಿತ್ತು. ಬೇರು ನೀರನ್ನು ಹುಡುಕಿಕೊಂಡು ಆಳಕ್ಕೆ ಇಳಿಯುತ್ತಿತ್ತು.

ಕೆಂಪು ವೈನ್ ಅಲ್ಲಿ ತೆಳ್ಳಗೆ ಬರುತ್ತಿತ್ತು, ನಮ್ಮ ತಿಳಿಸಾರಿನ ಹಾಗೆ. ಟೋಕಿಯೋದಿಂದ ಬಂದವರು ಗ್ಲಾಸನ್ನು ಬೆಳಕಿಗೆ ಹಿಡಿದು, "ಇದರಲ್ಲಿ ತೂಕವಿಲ್ಲವಲ್ಲ," ಎನ್ನುತ್ತಿದ್ದರು. ಫುಮಿಕೋ ಸಾನ್ ತಲೆಬಾಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ಅವರು ಹೋದ ಮೇಲೆ, "ತೂಕ ಬೇಕಿದ್ದರೆ ಅಕ್ಕಿ ಮೂಟೆ ಕೊಳ್ಳಲಿ," ಎನ್ನುತ್ತಿದ್ದರು. ಆದರೆ ಆಲ್ಬರಿನ್ಯೋ ಎಂಬ ಬಿಳಿ ದ್ರಾಕ್ಷಿ, ಅದೂ ಸ್ಪೇನಿನ ಕಡಲ ಬದಿಯದು, ಆ ಮರಳಿಗೆ ಹೊಂದಿಕೊಂಡುಬಿಟ್ಟಿತ್ತು. ಅದರ ವೈನನ್ನು ನಾನು ಬಾಯಲ್ಲಿ ಹಾಕಿ ಉಗುಳುತ್ತಿದ್ದೆ, ನುಂಗುತ್ತಿರಲಿಲ್ಲ. ಮೊದಲು ಹೂವಿನ ವಾಸನೆ, ಆಮೇಲೆ ಹೇರಳೆಕಾಯಿ ಸಿಪ್ಪೆ. ಉಗುಳಿದ ಮೇಲೂ ನಾಲಗೆಯ ಬದಿಯಲ್ಲಿ ಉಳಿಯುತ್ತಿದ್ದ ಸಣ್ಣ ಉಪ್ಪು. ರಾಮನವಮಿಯ ನಿಂಬೆ ಪಾನಕಕ್ಕೆ ನನ್ನ ಅಜ್ಜಿ ಒಂದು ಚಿಟಿಕೆ ಉಪ್ಪು ಹಾಕುತ್ತಿದ್ದಳು. ಅದನ್ನು ಹೇಳಲು ನನ್ನ ಜಪಾನಿ ಸಾಲದೆ, ಮನೆಯಲ್ಲಿ ಪಾನಕ ಮಾಡಿ ಬಾಟಲಿಯಲ್ಲಿ ಒಯ್ದು ಫುಮಿಕೋ ಸಾನ್‌ಗೆ ಕುಡಿಸಿದೆ. ಅವರು ಕಣ್ಣು ಮುಚ್ಚಿ ಕುಡಿದು, "ಹೌದು, ಇದೇ," ಎಂದರು.

ಇಷ್ಟು ಹೇಳಿದರೆ ಓದಿದವರು ನಾನು ಅಲ್ಲಿ ಸುಖವಾಗಿದ್ದೆ ಎಂದುಕೊಳ್ಳಬಹುದು. ಇಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗಿನಿಂದ ನನಗೆ ಉಸಿರು ಕಟ್ಟುತ್ತಿತ್ತು. ಲ್ಯಾಬ್ ಎಂದರೆ ಪೀಪಾಯಿಗಳ ಪಕ್ಕದ ಒಂದು ಗೂಡು, ಅದರಲ್ಲಿ ಒಂದು ಬ್ಯೂರೆಟ್. ಪಿ.ಯು.ಸಿ. ಹುಡುಗರು ಮಾಡುವ ಟೈಟ್ರೇಷನ್ನನ್ನು ಮಾಡಿ ರಸದ ಹುಳಿಯೆಷ್ಟೆಂದು ಹೇಳಬೇಕು. ಉಳಿದ ಹೊತ್ತು ಸಾಲುಗಳಲ್ಲಿ ಬಗ್ಗಿ ಕೆಲಸ. ಜೂನಿನ ಮಳೆಗೆ ಮುಂಚೆ ಪ್ರತಿ ಗೊಂಚಲಿಗೂ ಮೇಣದ ಕಾಗದದ ಟೋಪಿ ತೊಡಿಸಬೇಕಿತ್ತು, ಕೊಡೆಯ ಹಾಗೆ, ಒಂದೊಂದಕ್ಕೂ ಕೈಯಾರೆ. ಟೋಪಿ ಹಾಕುವುದನ್ನು ಇಷ್ಟು ಪ್ರಾಮಾಣಿಕವಾಗಿ ಮಾಡಿದ ಕನ್ನಡಿಗ ಇನ್ನೊಬ್ಬನಿರಲಾರ. ಸಾಲಿನ ಕೊನೆಗೆ ಬಂದು ತಲೆ ಎತ್ತಿದರೆ ಕಡಲು, ಕಡಲ ಆಚೆ ದ್ವೀಪವೊಂದರ ಮಬ್ಬು ಗೆರೆ. ತಿರುಗಿದರೆ ಮತ್ತೊಂದು ಸಾಲು. ನಾನು ಲೆಕ್ಕ ಹಾಕುತ್ತಿದ್ದುದು ಒಂದನ್ನೇ. ನನ್ನ ರಜೆ ಅಕ್ಟೋಬರಿಗೆ ಮುಗಿಯುತ್ತದೆ, ವಾಣಿಯ ಪ್ರಾಜೆಕ್ಟು ಸೆಪ್ಟೆಂಬರಿಗೆ ಮುಗಿಯುತ್ತದೆ, ಮೂವರೂ ಹೋಗುತ್ತೇವೆ. ಹೋಗಿ ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತು, ಹಿಂದಿನ ಬೆಂಚಿನವರಿಗೆ ಬೈಯುತ್ತೇನೆ. ಆ ಒಂದು ಆಸೆಯಿಂದ ದಿನ ದೂಡುತ್ತಿದ್ದೆ.

ಜೂನ್ ತಿಂಗಳಲ್ಲೇ ಸಾಯ್ತೋ ಸಾನ್ ನಮ್ಮನ್ನು ಮನೆಗೆ ಊಟಕ್ಕೆ ಕರೆದರು. ನಾವು ಮೀನು ಮಾಂಸ ತಿನ್ನುವುದಿಲ್ಲವೆಂದು ಅವರ ಹೆಂಡತಿ ಬೆಳಗಿನಿಂದ ಕೂತು ತರಕಾರಿಯಲ್ಲೇ ಏನೇನೋ ಮಾಡಿದ್ದರು. ಊಟದ ನಡುವೆ ಸಾಯ್ತೋ ಸಾನ್ ಕೇಳಿದರು, "ಶ್ರೀ-ಸಾನ್, ನಮ್ಮ ಊರು ಹೇಗನ್ನಿಸುತ್ತಿದೆ? ತೋಟದ ಕೆಲಸ?"

ನಮ್ಮ ಮೈಸೂರಿನ ಕಡೆ ಒಂದು ಕಾಯಿಲೆ ಇದೆ. ಇನ್ನೊಬ್ಬರ ಮನೆಯಲ್ಲಿ ಉಪ್ಪಿಲ್ಲದ ಹುಳಿ ಬಡಿಸಿದರೂ "ಬಹಳ ಚೆನ್ನಾಗಿದೆ" ಎಂದು ಇನ್ನೊಂದು ಸೌಟು ಹಾಕಿಸಿಕೊಳ್ಳುವುದು. ಜಪಾನೀಯರಿಗೂ ಅದೇ ಕಾಯಿಲೆ, ಇನ್ನೂ ಉಲ್ಬಣಿಸಿದ ಸ್ಥಿತಿಯಲ್ಲಿ. ನಾನು ಚಾಪ್‌ಸ್ಟಿಕ್ ಕೆಳಗಿಟ್ಟು, ಕಡಲನ್ನು ಹೊಗಳಿದೆ, ಗಾಳಿಯನ್ನು ಹೊಗಳಿದೆ, ತೋಟದಲ್ಲಿ ನನಗೆ ಹೊಸ ಜೀವ ಬಂದಿದೆ ಎಂದೆ. ಜಪಾನಿ ಖಾಲಿಯಾದಾಗ ಇಂಗ್ಲಿಷಿಗೆ ದಾಟಿ, "ಇಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ," ಎಂದೂ ಸೇರಿಸಿದೆ. ಸಾಯ್ತೋ ಸಾನ್ ಕಣ್ಣಲ್ಲಿ ನೀರು ಬಂತು. ವಾಣಿ ನನ್ನನ್ನೇ ನೋಡುತ್ತಿದ್ದಳು. ಅವಳು ನಕ್ಕಳು. ನಾನು ಆ ನಗುವನ್ನು ಸಂತೋಷವೆಂದು ತಿಳಿದೆ.

ಎರಡು ವಾರದ ಮೇಲೆ ವಾಣಿ ಆಫೀಸಿನಿಂದ ಬಂದು ಚೀಲ ಇಡುತ್ತಲೇ ಹೇಳಿದಳು. "ರೀ, ಎಕ್ಸ್‌ಟೆನ್ಷನ್ ಸಿಕ್ತು. ಇನ್ನೂ ಎರಡು ವರ್ಷ. ಸಾಯ್ತೋ ಸಾನ್ ತಾವೇ ಓಡಾಡಿ ಮಾಡ್ಸಿದಾರೆ."

ಅನ್ನದ ಪಾತ್ರೆ ನನ್ನ ಕೈಯಲ್ಲಿತ್ತು. "ಒಳ್ಳೇದೇ ಆಯ್ತು," ಎಂದೆ.

"ನಿಮ್ಮ ಕಾಲೇಜು?"

"ಆ ಕಾಲೇಜಲ್ಲೇನು ಚಿನ್ನ ಸುರೀತಾರಾ? ನೋಡೋಣ ಬಿಡು."

ಅವಳಿಗೆ ಬೇಕಾಗಿರುವುದು ಸಿಕ್ಕಿದೆ, ಅದಕ್ಕೆ ಕಲ್ಲು ಹಾಕಬಾರದು ಎಂದು ನಾನು ಹಾಗೆಂದದ್ದು. ಅಂದು ಅನನ್ಯಳ ಶಾಲೆಯ ಚಪ್ಪಲಿ ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ ಅತ್ತೆ. ನಾಚಿಕೆಯೇನಿಲ್ಲ ಹೇಳಿಕೊಳ್ಳಲು. ಆ ಬೇಸಿಗೆಯಲ್ಲಿ ಎಷ್ಟೋ ಸಲ ಹಾಗೆ ಅತ್ತಿದ್ದೇನೆ.

ಆಗಸ್ಟಿನಲ್ಲಿ ಪ್ರಿನ್ಸಿಪಾಲರು ಫೋನ್ ಮಾಡಿದರು. ಗಾಂಧಿ ಜಯಂತಿ ಆದ ಮೇಲಿನ ಸೋಮವಾರ ನಾನು ಬಂದು ಸಹಿ ಹಾಕದಿದ್ದರೆ ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ, ಇನ್ನು ರಜೆ ವಿಸ್ತರಿಸಲು ಆಗುವುದಿಲ್ಲ. "ಬರ್ತೀರಲ್ಲ?" ಎಂದರು. "ನೋಡೋಣ ಸರ್, ಪ್ರಯತ್ನ ಮಾಡ್ತೀನಿ," ಎಂದೆ. ಯಾರಿಗೂ ನೇರವಾಗಿ ಏನನ್ನೂ ಹೇಳಲಾಗದ ಜನ್ಮ ನನ್ನದು. ವಾಣಿಗೆ ಹೇಳಲಿಲ್ಲ. ಫುಮಿಕೋ ಸಾನ್‌ಗಂತೂ ಹೇಗೆ ಹೇಳುವುದು? ಕೊಯ್ಲು ಅಕ್ಟೋಬರಿನಲ್ಲಿ. ಅದಕ್ಕೆ ಮುಂಚೆ ಬಿಟ್ಟು ಹೋದರೆ ಅವರ ತಮ್ಮನ ಮಾನ, ವಾಣಿಯ ಕೆಲಸ, ಎಲ್ಲಕ್ಕೂ ಮಸಿ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಪೈನ್ ಮರಗಳ ಆಚೆ ಹೋಗಿ ಕಡಲಿಗೆ ಬೆನ್ನು ಮಾಡಿ ಕೂರುತ್ತಿದ್ದೆ. ಕೊನೆಗೆ ಸೆಪ್ಟೆಂಬರ್ ಮುಗಿಯುವಾಗ ಟೋಕಿಯೋದ ಏಜೆಂಟರೊಬ್ಬರಿಗೆ ಫೋನ್ ಮಾಡಿ, ಆ ಸೋಮವಾರಕ್ಕೆ ಮುಂಚಿನ ಶನಿವಾರದ ಒಂದು ಸೀಟು ಹಿಡಿದಿಡಲು ಹೇಳಿದೆ. ಶುಕ್ರವಾರ ಸಂಜೆಯೊಳಗೆ ಖಚಿತಪಡಿಸಬೇಕಿತ್ತು. ಆ ವಾರದಲ್ಲಿ ವಾಣಿಗೆ ಹೇಳಲೇಬೇಕೆಂದು ನಿಶ್ಚಯಿಸಿದೆ.

ಬುಧವಾರ ಚಂಡಮಾರುತ ಬಂತು. ಮಳೆ ಬಂದಿದ್ದರೆ ಚಿಂತೆಯಿರಲಿಲ್ಲ. ಮಳೆ ಆಚೆ ಎಲ್ಲೋ ಸುರಿದು, ನಮಗೆ ಬರೀ ಗಾಳಿ ಬಂತು, ಕಡಲ ಕಡೆಯಿಂದ. ಗುರುವಾರ ಬೆಳಿಗ್ಗೆ ತೋಟಕ್ಕೆ ಹೋದಾಗ ಫುಮಿಕೋ ಸಾನ್ ಮೊದಲ ಸಾಲಿನಲ್ಲಿ ನಿಂತು ಒಂದು ಎಲೆಯನ್ನು ಕಿತ್ತು ನೆಕ್ಕುತ್ತಿದ್ದರು. ನನಗೂ ಒಂದು ಕೊಟ್ಟರು. ಉಪ್ಪಿನಕಾಯಿ ಜಾಡಿಯ ಮುಚ್ಚಳ ನೆಕ್ಕಿದ ಹಾಗಿತ್ತು. ಬಿಸಿಲೇರುವುದರೊಳಗೆ ಈ ಉಪ್ಪನ್ನು ಸಿಹಿನೀರಿನಿಂದ ತೊಳೆಯದಿದ್ದರೆ ಎಲೆಗಳು ಸುಟ್ಟು ಉದುರುತ್ತವೆ, ಎಲೆ ಹೋದರೆ ಹಣ್ಣು ಬಲಿಯದೆ ಬಾಡುತ್ತದೆ, ಒಂದು ವರ್ಷ ಮಣ್ಣುಪಾಲು. ಅವರು ಫೋನ್ ಹಿಡಿದರು. ಅರ್ಧ ಗಂಟೆಯಲ್ಲಿ ಅಕ್ಕಪಕ್ಕದ ತೋಟದವರು, ಮೂಲಂಗಿ ಬೆಳೆಯುವವರು, ಔಷಧಿ ಹೊಡೆಯುವ ಯಂತ್ರಗಳಲ್ಲಿ ಬಾವಿನೀರು ತುಂಬಿಕೊಂಡು ಬಂದರು. ಸಾಯ್ತೋ ಸಾನ್ ಆಫೀಸಿನ ನಾಲ್ಕು ಜನರನ್ನು ಹೊರಡಿಸಿಕೊಂಡು ಬಂದರು. ಅವರಲ್ಲಿ ಯಾರದೋ ದೊಡ್ಡ ಬೂಟು ತೊಟ್ಟ ವಾಣಿಯೂ ಇದ್ದಳು.

ಇಬ್ಬರಿಗೂ ಒಂದೇ ಪೈಪು ಸಿಕ್ಕಿತು. ಕೊನೆಯ ಸಾಲುಗಳು, ಕಡಲ ಬದಿಯವು. ನಾನು ಎಲೆಗಳಿಗೆ ನೀರು ಬಿಡುವುದು, ಅವಳು ಹಿಂದೆ ಪೈಪು ಎಳೆಯುವುದು. ಬಹಳ ಹೊತ್ತು ತೊಳೆದೆವು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅವಳ ಕಡೆ ತಿರುಗದೆ ಹೇಳಿದೆ. "ವಾಣಿ, ನಾನು ವಾಪಸ್ ಹೋಗಬೇಕು ಅಂತಿದೀನಿ. ಶನಿವಾರ. ಸೋಮವಾರ ಜಾಯಿನ್ ಆಗ್ದೇ ಇದ್ರೆ ಕೆಲಸ ಹೋಗತ್ತೆ."

ಪೈಪು ಎಳೆಯುವುದು ನಿಂತಿತು.

"ಮತ್ತೆ ಆವತ್ತು ಸಾಯ್ತೋ ಸಾನ್ ಮನೇಲಿ ಇಲ್ಲೇ ಇದ್ದುಬಿಡೋಣ ಅನ್ಸತ್ತೆ ಅಂದ್ರಿ?"

"ಊಟಕ್ಕೆ ಕರೆದೋರ ಮನೇಲಿ ಇನ್ನೇನು ಹೇಳ್ಲಿ?"

"ಅಯ್ಯೋ ದೇವರೇ." ಅವಳು ಮರಳಲ್ಲಿ ಕೂತುಬಿಟ್ಟಳು. "ನೀವು ಹಾಗಂದ್ರಿ ಅಂತಾನೇ ಅವರು ಎಕ್ಸ್‌ಟೆನ್ಷನ್ ಮಾಡ್ಸಿದ್ದು ಕಣ್ರೀ. ನಿಮಗೆ ಅಂತೂ ಒಂದು ಕೆಲಸ ಹಿಡಿಸ್ತಲ್ಲ ಅಂತ ನಾನು ಒಪ್ಕೊಂಡೆ. ನನಗೆಲ್ಲಿ ಬೇಕಿತ್ತು?"

ನೀರು ಸುಮ್ಮನೆ ಮರಳಿಗೆ ಹರಿಯುತ್ತಿತ್ತು. ಆಮೇಲೆ ಅವಳು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಒಮ್ಮೆಯೂ ಅವಳ ಬಾಯಿಂದ ಕೇಳಿರಲಿಲ್ಲ. ಭೂಕಂಪದ ದಿನ ಗ್ಯೋಟೋಕುವಿನ ಹತ್ತಿರ, ಅವಳ ಕಣ್ಣ ಮುಂದೆ, ರಸ್ತೆಯ ಬಿರುಕಿನಿಂದ ಮರಳು ನೀರಿನ ಜೊತೆ ಕುದಿಯುತ್ತಾ ಮೇಲೆ ಬಂದಿತ್ತು. ನಿಂತಿದ್ದ ಕಂಬವೊಂದು ನಿಧಾನಕ್ಕೆ ಕೆಳಗಿಳಿದಿತ್ತು. ಅಂದಿನಿಂದ ಅವಳಿಗೆ ಮರಳೆಂದರೆ ಭಯ. "ಅಂಥದ್ರಲ್ಲಿ ನನ್ನನ್ನ ತಂದು ಮರಳಿನ ದಿಬ್ಬದ ಮೇಲೆ ಇಟ್ರು. ಕಟ್ಟಡದ ಮುಂದೆ ಲಾರಿ ಹೋದ್ರೂ ಎಚ್ಚರ ಆಗತ್ತೆ. ದಿನಾ ರಾತ್ರಿ ಹಾಸಿಗೆ ಪಕ್ಕ ಮೂರು ಜನರ ಬೂಟು ಯಾಕೆ ಇಡ್ತೀನಿ ಅಂದ್ಕೊಂಡಿದ್ರಿ?"

"ಭೂಕಂಪ ಆದ್ರೆ ಓಡೋಕೆ ಹಾಗಿಡ್ಬೇಕು ಅಂತ ಅನನ್ಯಂಗೆ ಸ್ಕೂಲಲ್ಲಿ ಹೇಳ್ಕೊಟ್ಟಿರ್ತಾರೆ ಅಂದ್ಕೊಂಡಿದ್ದೆ."

"ಮೇಷ್ಟ್ರು," ಎಂದು ಅವಳು ಅಳುತ್ತಲೇ ನಕ್ಕಳು. "ನೀವು ಕೆಲಸ ಬಿಟ್ಟು ಬಂದಿದೀರಿ ನನಗೋಸ್ಕರ. ಭಯ ಆಗತ್ತೆ, ಮನೆಗೆ ಹೋಗೋಣ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಎದ್ದು ಉಳಿದ ಸಾಲುಗಳನ್ನು ತೊಳೆದೆವು, ಏಕೆಂದರೆ ಬಿಸಿಲು ಏರುತ್ತಿತ್ತು.

ಕೆಲಸ ಮುಗಿದು ಎಲ್ಲರೂ ಚೆದುರಿದ ಮೇಲೆ ಫುಮಿಕೋ ಸಾನ್ ನಮ್ಮಿಬ್ಬರಿಗೆ ಪೀಪಾಯಿಗಳ ಕೋಣೆಯಲ್ಲಿ ಉಪ್ಪಿನಲ್ಲಿ ಊರಿಸಿದ ಹುಳಿಹಣ್ಣನ್ನು ಒಳಗಿಟ್ಟ ಅನ್ನದ ಉಂಡೆ ಕೊಟ್ಟರು. ದ್ರಾಕ್ಷಿ ಇನ್ನು ಕಾಯುವ ಹಾಗಿಲ್ಲ, ಸೋಮವಾರವೇ ಕೊಯ್ಲು ಎಂದರು. ಆಗ ವಾಣಿ, ನನ್ನ ಮುಖ ಕೂಡ ನೋಡದೆ, ನಾನು ಶನಿವಾರ ಹೊರಡಬೇಕಾಗಿದೆ ಎಂದು ಜಪಾನಿಯಲ್ಲಿ ನೇರವಾಗಿ ಹೇಳಿಬಿಟ್ಟಳು.

ಫುಮಿಕೋ ಸಾನ್ ಸ್ವಲ್ಪ ಹೊತ್ತು ಅನ್ನ ಅಗಿದರು. ಆಮೇಲೆ ಜೋರಾಗಿ ನಕ್ಕರು. "ಹೋಗಬೇಕಾದರೆ ಹೋಗಲಿ. ನನಗೆ ಸಹಾಯಕ ಬೇಕೆಂದು ನಾನೆಲ್ಲಿ ಕೇಳಿದ್ದೆ? ತಮ್ಮ ಬಂದು ತಲೆ ಬಾಗಿಸಿ ನಿಂತ. ಆಫೀಸಿನವಳ ಗಂಡ ಮನೆಯಲ್ಲಿ ಒಬ್ಬನೇ ಕೂತು ಮಂಕಾಗಿದ್ದಾನೆ, ಏನಾದರೂ ಕೆಲಸ ಕೊಡು ಅಂದ. ತಮ್ಮ ಕೇಳಿದರೆ ಇಲ್ಲ ಅನ್ನುವುದು ಹೇಗೆ?"

ವಾಣಿಯ ಮುಖ ಕೆಂಪಾಯಿತು. ನಾನು ಮಂಕಾಗಿದ್ದೇನೆಂದು ಆಫೀಸಿನಲ್ಲಿ ಹೇಳಿದವಳು ಅವಳೇ.

"ಮತ್ತೆ ಆ ಟೈಟ್ರೇಷನ್?" ಎಂದೆ.

"ನೀನು ಹೋದ ಮೇಲೆ ನಾನು ಇನ್ನೊಂದು ಸಲ ಮಾಡುತ್ತಿದ್ದೆ," ಎಂದರು ಫುಮಿಕೋ ಸಾನ್. "ಪ್ರತಿ ಸಲವೂ ಸರಿಯಾಗಿಯೇ ಇರುತ್ತಿತ್ತು."

ನನಗೆ ಹಗುರವಾಗಬೇಕಿತ್ತು. ಬದಲಿಗೆ ಬಹಳ ನೋವಾಯಿತು. ಯಾರ ಮಾನ ಕಾಯಲೆಂದು ವರ್ಷವಿಡೀ ಮರಳು ತಿಂದೆನೋ ಅವರು ನನ್ನನ್ನು ಸಹಿಸಿಕೊಂಡಿದ್ದರು, ಅಷ್ಟೇ. ನಾವೆಲ್ಲರೂ ಒಬ್ಬರಿಗೊಬ್ಬರು ಒಳ್ಳೆಯವರಾಗಿ, ಒಬ್ಬರನ್ನೊಬ್ಬರು ಕೂಡಿಹಾಕಿಕೊಂಡಿದ್ದೆವು. ಏನೇ ಆಗಲಿ, ಬಾಗಿಲು ತೆರೆದಿತ್ತು. ಇನ್ನು ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

ಶುಕ್ರವಾರ ನಾನು ಬ್ಯಾಂಕಿಗೂ ಅಂಚೆ ಕಚೇರಿಗೂ ಓಡಾಡಿ ಸಂಜೆ ಮನೆಗೆ ಬಂದಾಗ ವಾಣಿ ನನ್ನ ಸೂಟ್‌ಕೇಸ್ ತುಂಬಿ ಇಟ್ಟಿದ್ದಳು. "ನೀವು ಕೆಲಸ ಉಳಿಸ್ಕೊಳ್ಳಿ. ಸಾಯ್ತೋ ಸಾನ್ ಹತ್ರ ಮಾತಾಡಿದೀನಿ, ಅವರು ತುಂಬ ಬೇಜಾರು ಮಾಡ್ಕೊಂಡ್ರು, ಆದ್ರೂ ಮಾರ್ಚಿಗೆ ಬಿಡ್ತಾರೆ. ಅನನ್ಯನ ಕರ್ಕೊಂಡು ಬರ್ತೀನಿ. ಐದೇ ತಿಂಗಳು," ಎಂದಳು. ಸ್ವೆಟರ್ ಮಡಿಸುತ್ತಾ ನಕ್ಕಳು. ಸಾಯ್ತೋ ಸಾನ್ ಮನೆಯಲ್ಲಿ ನಕ್ಕ ಅದೇ ನಗು. ಅದರ ಅರ್ಥ ನನಗೆ ಈಗ ಗೊತ್ತಿತ್ತು.

ಏಜೆಂಟರಿಗೆ ಫೋನ್ ಮಾಡಲೆಂದು ಮಲಗುವ ಕೋಣೆಗೆ ಹೋದೆ. ಹಾಸಿಗೆಯ ಪಕ್ಕದಲ್ಲಿ ಎರಡೇ ಜೊತೆ ಬೂಟು ಇದ್ದವು, ಅವಳದು ಮತ್ತು ಅನನ್ಯಳದು. ನನ್ನದನ್ನು ತೆಗೆದು ಸೂಟ್‌ಕೇಸಿನ ಹತ್ತಿರ ಇಟ್ಟಿದ್ದಳು. ಫೋನ್ ಹಿಡಿದು ಅಲ್ಲೇ ಕೂತೆ. ನನ್ನ ಕ್ಲಾಸು, ನನ್ನ ಬೋರ್ಡು, ಲ್ಯಾಬಿನ ಹೈಡ್ರೋಜನ್ ಸಲ್ಫೈಡ್ ವಾಸನೆ, ಎಲ್ಲವೂ ಕಣ್ಣ ಮುಂದೆ ಬಂದವು. ಅಷ್ಟು ಆಸೆ ನನಗೆ ಯಾವುದರ ಮೇಲೂ ಆಗಿರಲಿಲ್ಲ. ಏಜೆಂಟರಿಗೆ ಸೀಟು ಬೇಡವೆಂದು ಹೇಳಿ, ನನ್ನ ಬೂಟನ್ನು ತಂದು ಅವೆರಡರ ಪಕ್ಕ ಇಟ್ಟೆ. ವಾಣಿ ಬಾಗಿಲಲ್ಲಿ ನಿಂತು ನೋಡಿದಳು. ಬೇಡ, ಹೋಗಿ ಎಂದು ಒಂದು ಸಲವಾದರೂ ಅನ್ನುತ್ತಾಳೆಂದುಕೊಂಡೆ. ಅನ್ನಲಿಲ್ಲ.

ಸೋಮವಾರ ಬಿಸಿಲಿತ್ತು. ಕೊಯ್ಲಿಗೆ ವಾಣಿಯೂ ರಜೆ ಹಾಕಿ ಬಂದಳು. ನನ್ನನ್ನು ನೋಡಿ ಫುಮಿಕೋ ಸಾನ್ ಎರಡು ಕತ್ತರಿ ಕೊಟ್ಟರು. ಅಂಚಿನ ಸಾಲುಗಳ ಎಲೆಗಳು ಕಂದಿದ್ದರೂ ಒಳಗಿನವು ಉಳಿದಿದ್ದವು. ಕಾಗದದ ಟೋಪಿ ತೆಗೆದರೆ ಒಳಗೆ ಹಸಿರು ಮಾಸಿದ ಚಿಕ್ಕ ಚಿಕ್ಕ ಹಣ್ಣು, ತೆಳ್ಳಗಿನ ಬಿಸಿಲಿಗೆ ಬೀಜ ಕಾಣುತ್ತಿತ್ತು. ನನ್ನ ಎದುರು ಬದಿಯಲ್ಲಿ ವಾಣಿ, ನಡುವೆ ತಂತಿ ಮತ್ತು ಬಳ್ಳಿ.

ಬೆಂಗಳೂರಿನಲ್ಲಿ ಕಾಲೇಜಿನ ಬಾಗಿಲು ತೆಗೆಯುವ ಹೊತ್ತಿಗೆ ನಮಗೆ ಊಟದ ಬಿಡುವು. ಪೈನ್ ಮರಗಳ ಕೆಳಗೆ ಹೋಗಿ ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ.

"ಬಂದ್ರಾ ಶ್ರೀಧರ್? ಎಲ್ಲಿದೀರಿ?"

"ಇಲ್ಲ ಸರ್. ಬರೋದಿಲ್ಲ."

"ಫ್ಲೈಟ್ ತೊಂದರೇನಾ? ಒಂದೆರಡು ದಿನ ನೋಡೋಣ ಬೇಕಾದ್ರೆ..."

"ನೋಡೋಣ ಅಲ್ಲ ಸರ್. ಬರೋದಿಲ್ಲ. ಬೇರೆಯವರನ್ನ ತಗೊಳ್ಳಿ."

ಆ ಕಡೆಯಿಂದ ಅವರು, "ಆಯ್ತಪ್ಪ," ಎಂದರು. ಹಿಂದೆ ಬೆಲ್ಲು ಹೊಡೆಯುವುದು ಕೇಳಿಸಿತು. ಫೋನ್ ಇಟ್ಟು ಅಲ್ಲೇ ನಿಂತು ಅತ್ತೆ, ನಲ್ಲಿ ತಿರುಗಿಸದೆ. ಆಮೇಲೆ ಸಾಲಿಗೆ ಬಂದೆ.

"ಏನಂದ್ರು?" ಎಂದಳು ವಾಣಿ.

"ಆಯ್ತಪ್ಪ ಅಂದ್ರು."

ಅವಳು ತಲೆ ಬಗ್ಗಿಸಿ ಒಂದು ಗೊಂಚಲು ಕತ್ತರಿಸಿದಳು. ಇಬ್ಬರೂ ಸುಮಾರು ಅರ್ಧ ಸಾಲು ಮುಗಿಸಿರಬೇಕು. ಮೊದಲು ತಂತಿಗಳು ಸಣ್ಣಗೆ ಗುಂಯ್‌ಗುಟ್ಟಿದವು. ಗಾಳಿಯಿರಲಿಲ್ಲ, ಆದರೂ ಗೊಂಚಲುಗಳೆಲ್ಲ ಒಟ್ಟಿಗೆ ತೂಗತೊಡಗಿದವು. ಕಾಲಡಿಯ ಮರಳು ಸರಿದ ಹಾಗಾಯಿತು. ಸಾಲುಗಳುದ್ದಕ್ಕೂ ಎಲ್ಲರೂ ಕೈ ನಿಲ್ಲಿಸಿ ನಿಂತರು. ಇಂಥ ನಡುಕಗಳು ಅಲ್ಲಿ ಆಗುತ್ತಲೇ ಇರುತ್ತವೆ. ಒಂದು ನಿಮಿಷವೂ ಇರಲಿಲ್ಲ. "ಮುಗಿಯಿತು," ಎಂದು ಫುಮಿಕೋ ಸಾನ್ ಆ ಕಡೆಯಿಂದ ಕೂಗಿದರು, ಕತ್ತರಿಗಳು ಮತ್ತೆ ಸದ್ದು ಮಾಡತೊಡಗಿದವು.

ಇಂಥ ಹೊತ್ತಿನಲ್ಲಿ ವಾಣಿ ನಕ್ಕು, "ಏನಿಲ್ಲ, ಚಿಕ್ಕದು," ಎನ್ನುವುದು ವಾಡಿಕೆ. ಆವತ್ತು ನಗಲಿಲ್ಲ. ಬಳ್ಳಿಯ ನಡುವಿನಿಂದ ಕೈ ತೂರಿಸಿ, ನನ್ನ ಮಣಿಕಟ್ಟನ್ನು ಕತ್ತರಿಯ ಸಮೇತ ಹಿಡಿದುಕೊಂಡಳು. ಬೆರಳುಗಳು ದ್ರಾಕ್ಷಿರಸಕ್ಕೆ ಅಂಟಂಟಾಗಿದ್ದವು.

"ರೀ, ನಂಗೆ ಭಯ ಆಗ್ತಿದೆ," ಎಂದಳು, ಪಕ್ಕದ ಸಾಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.

"ನಂಗೂ," ಎಂದೆ.

ಅವಳು ಕೈ ಬಿಡಲಿಲ್ಲ. ಫುಮಿಕೋ ಸಾನ್ ನಮ್ಮ ಸಾಲಿನ ತುದಿಯವರೆಗೆ ಬಂದು, ನೋಡಿ, ನಮ್ಮ ಬುಟ್ಟಿಯನ್ನು ತಾವೇ ಎತ್ತಿಕೊಂಡು ಹೋದರು.